ಸಹಾಯ ಬೇಕು: ಸುಟ್ರೊ ಬಾತ್ಸ್‌ನ ಹಳೆಯ ಫೋಟೊ, ನೆನಪುಗಳು

ಬೇ ಏರಿಯಾದ ಗೆಳೆಯರೇ, ನಮಸ್ಕಾರ. ಸ್ಯಾನ್ ಫ್ರಾನ್ಸಿಸ್ಕೊದ ಲ್ಯಾಂಡ್ಸ್ ಎಂಡ್‌ಗೆ ಹೋದವರು ಕೆಳಗೆ ಕಡಲಂಚಿನಲ್ಲಿ ಮುರಿದ ಕಾಂಕ್ರೀಟ್ ಗೋಡೆಗಳನ್ನು ನೋಡಿರುತ್ತೀರಿ, ಅಲ್ವಾ? ಅದೇ ಸುಟ್ರೊ ಬಾತ್ಸ್, ಒಂದು ಕಾಲದ ದೊಡ್ಡ ಸಾರ್ವಜನಿಕ ಈಜುಕೊಳಗಳ ಕಟ್ಟಡ. ಅದರ ಬಗ್ಗೆ ನಮ್ಮ ಕನ್ನಡ ತರಗತಿಯ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ.

ಆಗ ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ ಆಗಿದ್ದ ಅಡಾಲ್ಫ್ ಸುಟ್ರೊ ಇದನ್ನು 1896ರಲ್ಲಿ ಜನರಿಗೆ ತೆರೆದರು. ಗಾಜಿನ ಚಾವಣಿಯ ಕೆಳಗೆ ಏಳು ಈಜುಕೊಳ, ಆರರಲ್ಲಿ ಉಪ್ಪುನೀರು. ಉಬ್ಬರ ಬಂದಾಗ ಸಮುದ್ರದ ನೀರೇ ಹರಿದು ಬಂದು ಕೊಳ ತುಂಬುತ್ತಿತ್ತು. ಎಂಥ ಲೆಕ್ಕಾಚಾರ ನೋಡಿ! ಆದರೆ 1897ರಲ್ಲಿ ಜಾನ್ ಹ್ಯಾರಿಸ್ ಎಂಬವರನ್ನು, ಕಪ್ಪು ಜನಾಂಗದವರು ಎಂಬ ಒಂದೇ ಕಾರಣಕ್ಕೆ, ಈಜಲು ಬಿಡಲಿಲ್ಲ. ಅವರು ಕೋರ್ಟಿಗೆ ಹೋಗಿ ಗೆದ್ದರು. ಇದನ್ನು ಬಿಟ್ಟು ಪುಸ್ತಿಕೆ ಮಾಡಲು ನನಗೆ ಮನಸ್ಸಿಲ್ಲ. ಆ ಕೇಸಿನ ಸುದ್ದಿ ಬಂದ ಹಳೆಯ ಪತ್ರಿಕೆಗಳನ್ನು ಹುಡುಕುವುದು ಹೇಗೆಂದು ಗೊತ್ತಿದ್ದವರು ತಿಳಿಸಿ.

ಆಮೇಲಿನ ವರ್ಷಗಳಲ್ಲಿ ಅಲ್ಲಿ ಐಸ್ ಸ್ಕೇಟಿಂಗ್ ಇತ್ತು. 1966ರಲ್ಲಿ ಕಟ್ಟಡ ಒಡೆಯುತ್ತಿದ್ದಾಗಲೇ ಬೆಂಕಿ ಬಿದ್ದು ಎಲ್ಲ ಹೋಯಿತು. ಅಲ್ಲಿ ಸ್ಕೇಟಿಂಗ್ ಮಾಡಿದ ಹಿರಿಯರು ನಿಮ್ಮ ಅಕ್ಕಪಕ್ಕದಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. ಹಳೆಯ ಟಿಕೆಟ್, ಪೋಸ್ಟ್‌ಕಾರ್ಡ್, ಒಳಗಿನ ಫೋಟೊ ಏನಿದ್ದರೂ ಮೊಬೈಲಿನಲ್ಲಿ ತೆಗೆದು ಕಳಿಸಿ. ಯಾವ ವರ್ಷದ್ದು ಅಂತ ಗೊತ್ತಿದ್ದರೆ ಅದನ್ನೂ ಬರೆಯಿರಿ.