ಕುಮಾರಪರ್ವತ: ಕುಕ್ಕೆಯಿಂದ ಹತ್ತುವುದೋ, ಬೀದಳ್ಳಿಯಿಂದಲೋ?

ಹಾದಿಹೋಕ:
ಬರುವ ಡಿಸೆಂಬರಿನಲ್ಲಿ ನಾನೂ ನನ್ನ ಭಾವನವರೂ ಕುಮಾರಪರ್ವತ ಹತ್ತಬೇಕೆಂದಿದ್ದೇವೆ. ನನಗೆ 41, ಅವರಿಗೆ 53. ಇಬ್ಬರಿಗೂ ದಿನವೂ ನಡೆಯುವ ರೂಢಿಯಿದೆ; ಸಾವನದುರ್ಗ ಮತ್ತು ಕೊಡಚಾದ್ರಿಯನ್ನು ಹತ್ತಿಳಿದಿದ್ದೇವೆ. ಆದರೆ ಕೊಡಚಾದ್ರಿ ಇಳಿದ ಮೇಲೆ ಭಾವನವರ ಬಲಮಂಡಿ ಒಂದು ವಾರ ನೋಯುತ್ತಲೇ ಇತ್ತು. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿ ಅದೇ ದಾರಿಯಲ್ಲಿ ಒಂದೇ ದಿನದಲ್ಲಿ ಇಳಿಯುವುದು ನಮ್ಮಂಥವರಿಗೆ ಸಾಧ್ಯವೇ, ಅಥವಾ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹೋಗುವುದು ಮೇಲೇ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಸುಳ್ಯದವನು:
ಶಿಖರದ ಎತ್ತರ 1,712 ಮೀಟರ್ ಎಂಬ ಅಂಕಿಯನ್ನು ನೋಡಿ ಅಂದಾಜು ಮಾಡಬೇಡಿ. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಆದರೆ ಅಲ್ಲಿ ವಾಹನವೇ ನಿಮ್ಮನ್ನು ತುದಿಯ ಸಮೀಪಕ್ಕೆ ಒಯ್ಯುತ್ತದೆ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರನ್ನು ಕಾಲಿನಿಂದಲೇ ಹತ್ತಬೇಕು. ಒಂದು ಬದಿಗೆ ಸುಮಾರು 13 ಕಿಲೋಮೀಟರ್ ದಾರಿ.

ಮೊದಲ ಭಾಗ ದಟ್ಟ ಕಾಡು. ಬೇರುಗಳೇ ಮೆಟ್ಟಿಲಾಗಿರುವ ಆ ಏರನ್ನು ಮುಗಿಸಿದರೆ ಗಿರಿಗದ್ದೆಯ ಭಟ್ಟರ ಮನೆ ಸಿಗುತ್ತದೆ. ಅಲ್ಲಿನ ಅನ್ನ, ಸಾಂಬಾರು, ಮಜ್ಜಿಗೆಯನ್ನು ನೆನೆಯದ ಚಾರಣಿಗನನ್ನು ನಾನಂತೂ ಕಂಡಿಲ್ಲ. ಅದರಾಚೆ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ. ಅಲ್ಲಿಂದ ಒಮ್ಮೆ ಶೋಲಾ ಕಾಡಿಗೆ ಇಳಿದು, ಬಂಡೆ ಹಿಡಿದು ಹತ್ತಿದರೆ ಶಿಖರ. ಗಿರಿಗದ್ದೆ ದಾಟಿದ ಮೇಲೆ ನೆರಳೇ ಇಲ್ಲವೆನ್ನಬಹುದು. ನೀರನ್ನು ಮಂಟಪದ ಬಳಿ ತುಂಬಿಸಿಕೊಳ್ಳಿ. ಮುಂದೆ ಸಿಗುತ್ತದೆಂದು ನಂಬಬೇಡಿ.

ಈ ದಾರಿ ಜನರನ್ನು ಸೋಲಿಸುವುದು ಹತ್ತುವಾಗ ಅಲ್ಲ, ಇಳಿಯುವಾಗ. ಕೆಲವು ವರ್ಷಗಳ ಹಿಂದೆ ನಾವು ಬೆಳಿಗ್ಗೆ ಎಂಟಕ್ಕೆ ಹೊರಟು, ಶಿಖರದಲ್ಲಿ ಬೇಕಾದಷ್ಟು ಹೊತ್ತು ಕುಳಿತು, ಗಿರಿಗದ್ದೆಗೆ ಮರಳುವಾಗಲೇ ಐದೂವರೆಯಾಗಿತ್ತು. ಬಯಲಿನಲ್ಲಿ ಇನ್ನೂ ಬೆಳಕಿದ್ದರೂ ಕಾಡಿನೊಳಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ಕತ್ತಲೆ. ಮೂವರಿಗೆ ಇದ್ದದ್ದು ಒಂದೇ ಟಾರ್ಚು. ಒಣ ಎಲೆಯಡಿಯ ಬೇರು ಕಾಣದೆ ಗೆಳೆಯನ ಪಾದ ಉಳುಕಿತು. ಉಳಿದ ದಾರಿಯನ್ನು ಅವನು ಬಹುಮಟ್ಟಿಗೆ ಕುಳಿತೇ ಇಳಿದ. ಭಾವನವರ ಮಂಡಿಯ ವಿಷಯ ಓದಿದಾಗ ನನಗೆ ನೆನಪಾದದ್ದು ಅದೇ. ನನ್ನ ಸಲಹೆ: ಕುಕ್ಕೆಯಿಂದ ಹೋಗುವುದಾದರೆ ನಸುಕಿನಲ್ಲೇ ಹೊರಡಿ, ಹನ್ನೊಂದರೊಳಗೆ ಶೇಷಪರ್ವತ ತಲುಪದಿದ್ದರೆ ಹಿಂದಿರುಗಿ.

ಏಲಕ್ಕಿ ಮಲೆ:
ನಾನು ಸೋಮವಾರಪೇಟೆ ಕಡೆಯವಳು. ಬೀದಳ್ಳಿ ದಾರಿಯನ್ನು ಸುಲಭವೆಂದು ಹೇಳುವವರು ಅರ್ಧವನ್ನಷ್ಟೇ ಹೇಳುತ್ತಾರೆ. ಹೊರಡುವ ಜಾಗವೇ ಎತ್ತರದಲ್ಲಿರುವುದರಿಂದ ದೂರ ಕುಕ್ಕೆ ಕಡೆಯ ಅರ್ಧದಷ್ಟೇ, ಬಹುಪಾಲು ಮರದ ನೆರಳೂ ಉಂಟು, ಅದು ನಿಜ. ಆದರೆ ಶಿಖರ ಹತ್ತಿರವಾದಂತೆ ಓರೆಯಾಗಿ ಮಲಗಿದ ಬಂಡೆಗಳು ಬರುತ್ತವೆ. ಮಂಜು ಕೂತ ಬೆಳಿಗ್ಗೆ ಅವು ಎಣ್ಣೆ ಸವರಿದಂತಿರುತ್ತವೆ, ಸವೆದ ಅಟ್ಟೆಯ ಶೂ ಅಲ್ಲಿ ನಿಲ್ಲುವುದೇ ಇಲ್ಲ. ಮಂಡಿನೋವಿನವರು ಆ ಜಾಗದಲ್ಲಿ ಬಂಡೆಗೆ ಮುಖಮಾಡಿ, ಕೈಯೂರಿ, ಹಿಮ್ಮುಖವಾಗಿ ಇಳಿಯುವುದು ಒಳ್ಳೆಯದು. ಇಷ್ಟಾದರೂ ಒಂದೇ ದಿನದಲ್ಲಿ ಶಿಖರ ಮುಟ್ಟಿ ಮರಳಬೇಕೆಂದರೆ ಅವರಿಗೆ ಈ ಕಡೆಯೇ ಮೇಲು. ಬೀದಳ್ಳಿಗೆ ಬಸ್ಸು ವಿರಳ, ಸೋಮವಾರಪೇಟೆಯಲ್ಲಿ ಜೀಪು ಗೊತ್ತುಮಾಡಿಕೊಳ್ಳಿ.

ಒಂದು ಮಾತು ಸೇರಿಸಬೇಕು. ಶಿಖರವಿರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಅದೂ ಒಂದು. ದಾರಿಯಲ್ಲಿ ಆನೆಯ ಲದ್ದಿ ಕಂಡರೆ ಮುಟ್ಟಿ ನೋಡುವ ಅಗತ್ಯವಿಲ್ಲ. ಹಬೆಯಾಡುತ್ತಿದ್ದರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಹಾಡು ಹಾಕುವ ಸ್ಪೀಕರನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಹಾದಿಹೋಕ:
ಇಬ್ಬರಿಗೂ ಧನ್ಯವಾದಗಳು. ಕುಕ್ಕೆಯಿಂದ ಹತ್ತಿ ಬೀದಳ್ಳಿಗೆ ಇಳಿದರೆ ಮಂಡಿಗೆ ಅನುಕೂಲವಲ್ಲವೇ? ಶಿಖರದಲ್ಲಿ ಟೆಂಟು ಹಾಕಿ ಎರಡು ದಿನ ಮಾಡಿಕೊಳ್ಳಬಹುದೇ? ಡಿಸೆಂಬರಿನಲ್ಲೂ ಇಂಬಳದ ಕಾಟವಿರುತ್ತದೆಯೇ?

ಹುಲ್ಲುಬೆಟ್ಟ:
ಟೆಂಟಿನ ಆಸೆ ಬಿಡಿ, ಶಿಖರದಲ್ಲಿ ರಾತ್ರಿ ಉಳಿಯಲು ಅನುಮತಿಯಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಜನ ಸಾಲುಗಟ್ಟಿ ಹತ್ತಿದ ಚಿತ್ರಗಳನ್ನು ನೀವೂ ನೋಡಿರಬಹುದು. ಅದಾದ ಮೇಲೆ ಸರ್ಕಾರ ಚಾರಣವನ್ನು ತಡೆದು, ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಜಾಲತಾಣದ ಮೂಲಕ ಆನ್‌ಲೈನ್ ಬುಕಿಂಗ್ ಜಾರಿಗೆ ತಂದಿತು. ದಿನಕ್ಕೆ 300 ಮಂದಿಯ ಮಿತಿಯೂ ಬಂತು. ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿಯುವುದರಿಂದ ವಾರದ ನಡುವೆ ಹೋಗಿ. ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುವ ಯೋಚನೆಯಿದ್ದರೆ ಬುಕಿಂಗ್ ಮಾಡುವ ಮೊದಲೇ ಅರಣ್ಯ ಇಲಾಖೆಯನ್ನು ವಿಚಾರಿಸಿ. ಡಿಸೆಂಬರ್ ಒಳ್ಳೆಯ ಆಯ್ಕೆ. ಬೇಸಿಗೆ ಬಂದು ಹುಲ್ಲು ಒಣಗಿತೆಂದರೆ ಕಾಳ್ಗಿಚ್ಚಿನ ಭಯಕ್ಕೆ ದಾರಿಯನ್ನೇ ಮುಚ್ಚುತ್ತಾರೆ.

ಇಂಬಳ ಮಳೆಗಾಲದಷ್ಟು ಇರುವುದಿಲ್ಲ, ಆದರೆ ಕಾಡಿನ ತೇವದ ಜಾಗದಲ್ಲಿ ಒಂದೆರಡಾದರೂ ಶೂವಿನ ಲೇಸಿನ ತೂತಿನಿಂದ ನುಸುಳಿ ಕಾಲುಚೀಲದ ನೂಲಿನ ನಡುವೆ ತೂರಿಕೊಳ್ಳುತ್ತವೆ. ನಮ್ಮಲ್ಲಿ ಹೊಗೆಸೊಪ್ಪಿನ ಪುಡಿಯನ್ನು ನೀರಿನಲ್ಲಿ ನೆನೆಸಿ ಕಾಲುಚೀಲಕ್ಕೆ ಹಚ್ಚಿ ಒಣಗಿಸುತ್ತಾರೆ. ಕಚ್ಚಿದರೆ ಉಗುರಿನಿಂದ ಬಾಯಿಯ ಕಡೆಯನ್ನು ಮೊದಲು ಬಿಡಿಸಿ, ರಕ್ತ ಸ್ವಲ್ಪ ಹೊತ್ತು ಸೋರಿದರೆ ಗಾಬರಿಯಾಗಬೇಡಿ.

ಹಾದಿಹೋಕ:
ಬೀದಳ್ಳಿ ಎಂದೇ ತೀರ್ಮಾನಿಸಿದ್ದೇವೆ. ಆದರೆ ಊರುಗೋಲು ಹಿಡಿಯಲು ಭಾವನವರು ಒಪ್ಪುತ್ತಿಲ್ಲ. ಅದು ಮುದುಕರಿಗೆ ಎನ್ನುತ್ತಾರೆ.

ಸುಳ್ಯದವನು:
ಎರಡು ಕೋಲುಗಳನ್ನೂ ನೀವೇ ಹೊತ್ತುಕೊಂಡು ಹೋಗಿ, ಇಳಿಯುವಾಗ ಅವರೇ ಕೇಳುತ್ತಾರೆ. ಮತ್ತೆ, ಹೊರಡುವ ಹಿಂದಿನ ದಿನ ಇಬ್ಬರೂ ಕಾಲುಗುರು ಕತ್ತರಿಸಿಕೊಳ್ಳಿ. ಇಳಿಜಾರಿನಲ್ಲಿ ಹೆಬ್ಬೆರಳು ಶೂವಿನ ಮುಂಭಾಗಕ್ಕೆ ಒತ್ತಿ ಒತ್ತಿ ನನ್ನ ಎರಡು ಉಗುರುಗಳು ಕಪ್ಪಾಗಿ ಬಿದ್ದುಹೋಗಿದ್ದವು.