ಪದಚರ್ಚೆ: ಅಮೆರಿಕದ ಮನೆ ಸಾಲದ ಬಿಕ್ಕಟ್ಟಿಗೆ ‘ಭೋಗ್ಯ’ ಬೇಡ

ತುಮಕೂರಿನ ಮೇಷ್ಟ್ರೇ, ಅಮೆರಿಕದ 2008ರ ‘ಮಾರ್ಟ್‌ಗೇಜ್ ಕ್ರೈಸಿಸ್’ ಮತ್ತು ‘ಪೊಲಿಟಿಕಲ್ ಅಕೌಂಟಬಿಲಿಟಿ’ ಅನ್ನುವುದಕ್ಕೆ ಬ್ಯಾನರ್ ಮೇಲೆ ಕನ್ನಡದಲ್ಲಿ ಏನು ಹಾಕಿಸಲಿ ಅಂತ ಕೇಳಿದ್ದೀರಿ, ಅದು ಇವತ್ತು ಸಂಜೆಯೇ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ, ಜಗಳ ಆಮೇಲೆ. ‘ಮನೆ ಅಡಮಾನ ಸಾಲದ ಬಿಕ್ಕಟ್ಟು, 2008: ರಾಜಕೀಯ ಹೊಣೆ ಯಾರದು?’ ಅಂತ ಹಾಕಿಸಿ.

ಮಾರ್ಟ್‌ಗೇಜ್‌ಗೆ ಗುಬ್ಬಿಯ ಓದುಗರು ಹೇಳಿದ ‘ಭೋಗ್ಯ’ ಬೇಡವೇ ಬೇಡ. ನಮ್ಮ ಕೋಲಾರದಲ್ಲಿ ಗೇಟಿಗೆ ‘ಮನೆ ಭೋಗ್ಯಕ್ಕಿದೆ’ ಅಂತ ಬೋರ್ಡ್ ನೇತು ಹಾಕಿದರೆ ಅರ್ಥ ಏನು? ದುಡ್ಡು ಕೊಟ್ಟವನು ಬಂದು ಮನೆಯಲ್ಲಿರುತ್ತಾನೆ. ಬಾಡಿಗೆಯೂ ಇಲ್ಲ, ಬಡ್ಡಿಯೂ ಇಲ್ಲ. ಅವಧಿ ಮುಗಿದರೆ ಅವನ ದುಡ್ಡು ಅವನಿಗೆ, ಇವರ ಮನೆ ಇವರಿಗೆ. ಅಮೆರಿಕದಲ್ಲಿ ಮನೆಯಲ್ಲಿದ್ದವನು ಸಾಲ ತಗೊಂಡವನೇ ಅಲ್ವಾ? ಕಂತು ತಪ್ಪಿದ ಮೇಲೆ ಅವನನ್ನು ಹೊರಗೆ ಹಾಕಿದರು. ಪತ್ರ ಬರೆಯುವವರನ್ನು ಕೇಳಿ, ಭೋಗ್ಯ ಪತ್ರ ಬೇರೆ, ಮನೆ ಬಿಟ್ಟುಕೊಡದೆ ಸಾಲಕ್ಕೆ ಬರೆಯುವ ಆಧಾರ ಪತ್ರ ಬೇರೆ. ‘ಆಧಾರ’ ಚೆನ್ನಾಗೇ ಇತ್ತು. ಆದರೆ ಈಗ ಬ್ಯಾನರ್ ಮೇಲೆ ಆಧಾರ ಅಂತ ಕಂಡರೆ ಜನ ಜೇಬಲ್ಲಿ ಕಾರ್ಡ್ ಹುಡುಕುತ್ತಾರೆ. ‘ಗಿರವಿ’ ಒಡವೆಗಿರಲಿ.

ಅಕೌಂಟಬಿಲಿಟಿಗೆ ‘ಉತ್ತರದಾಯಿತ್ವ’ ಸರ್ಕಾರಿ ಸುತ್ತೋಲೆಗೆ ಸಾಕು. ‘ಹೊಣೆ’ ಬೇಕು ಅನ್ನುವುದು ಅಚ್ಚಗನ್ನಡ ಅಂತಲ್ಲ. ಹೊಣೆ ಅಂದರೆ ಸಾಲಕ್ಕೆ ನಿಲ್ಲುವ ಜಾಮೀನು ಅಂತಲೂ ಅರ್ಥ. ಸಾಲಗಾರ ಕೈ ಎತ್ತಿದರೆ ಹೊಣೆ ನಿಂತವನು ಕಟ್ಟಬೇಕು. ಈಗ ಲೆಕ್ಕ ನೋಡಿ. 1933ರ ಗ್ಲಾಸ್-ಸ್ಟೀಗಲ್ ಕಾಯ್ದೆ ಠೇವಣಿ ಬ್ಯಾಂಕಿಗೂ ಷೇರು ವ್ಯವಹಾರಕ್ಕೂ ನಡುವೆ ಹಾಕಿದ್ದ ಬೇಲಿಯನ್ನು 1999ರಲ್ಲಿ ಬಹುಪಾಲು ಕಿತ್ತರು. ಬೇಲಿ ಕೀಳುವ ಕಾಯ್ದೆ ತಂದದ್ದು ರಿಪಬ್ಲಿಕನ್ನರು, ಸಹಿ ಹಾಕಿದ್ದು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಕ್ಲಿಂಟನ್. ಆಮೇಲೆ ರಿಪಬ್ಲಿಕನ್ ಅಧ್ಯಕ್ಷ ಬುಷ್ ಬಂದು ಜಾಸ್ತಿ ಜನರಿಗೆ ಸ್ವಂತ ಮನೆ ಅಂದರು. ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2003ರಲ್ಲಿ ಬಡ್ಡಿಯನ್ನು ಶೇ 1ಕ್ಕೆ ಇಳಿಸಿತು, 2006ಕ್ಕೆ ಶೇ 5.25ಕ್ಕೆ ಏರಿಸಿತು. ಬಡ್ಡಿ ಬದಲಾಗುವ ಸಾಲ ತಗೊಂಡವರ ಕಂತು ಏರದೆ ಇರುತ್ತದಾ? ಬಿಕ್ಕಟ್ಟಿನ ಕಾರಣ ಹುಡುಕಲು ನೇಮಿಸಿದ ತನಿಖಾ ಆಯೋಗ 2011ರಲ್ಲಿ ವರದಿ ಕೊಟ್ಟಾಗ ಹತ್ತು ಸದಸ್ಯರಲ್ಲಿ ಆರು ಜನ ಒಪ್ಪಿದರು. ರಿಪಬ್ಲಿಕನ್ನರು ನೇಮಿಸಿದ್ದ ನಾಲ್ವರೂ ಒಪ್ಪಲಿಲ್ಲ. ತಪ್ಪು ಯಾರದು ಅನ್ನುವುದು ಅಲ್ಲೂ ಪಕ್ಷದ ಪ್ರಕಾರವೇ! ಆದರೆ 2008ರ ಅಕ್ಟೋಬರ್‌ನಲ್ಲಿ ಬ್ಯಾಂಕುಗಳನ್ನು ಉಳಿಸಲು 700 ಬಿಲಿಯನ್ ಡಾಲರ್‌ವರೆಗಿನ ನೆರವಿಗೆ ಎರಡೂ ಪಕ್ಷದವರ ಮತ ಬಿತ್ತು. ಜಾಮೀನಿಗೆ ನಿಂತಿದ್ದು ತೆರಿಗೆ ಕಟ್ಟುವವರು. ‘ಜವಾಬ್ದಾರಿ’ಯಲ್ಲಿ ಈ ಎರಡನೇ ಅರ್ಥ ಬರುವುದಿಲ್ಲ.

‘ಸಬ್‌ಪ್ರೈಮ್’, ಅಂದರೆ ತೀರಿಸುವುದು ಅನುಮಾನ ಅನ್ನುವವರಿಗೆ ಕೊಟ್ಟ ಸಾಲ, ಹಾಗೇ ಇರಲಿ. ‘ಅಧಃಶ್ರೇಷ್ಠ ಸಾಲ’ ಅಂತ ಕಳಿಸಿದವರಿಗೆ ದೊಡ್ಡ ನಮಸ್ಕಾರ.

ಇನ್ನು ಚಿಂತಾಮಣಿಯವರ ತಕರಾರು. ‘ಅಡಮಾನ’ ತಮಿಳಿನದು, ಕೈಬಿಡಿ ಅಂತೆ. ತಮಿಳಲ್ಲಿ ಇದೆ, ಸರಿ. ಇದ್ದರೆ ನಮ್ಮದಾಗಬಾರದಾ? ನಮ್ಮ ಗಡಿಯ ಹಳ್ಳಿಗಳಲ್ಲಿ ತೆಲುಗಿನ ‘ತಾಕಟ್ಟು’ ಕೂಡ ಕಿವಿಗೆ ಬೀಳುತ್ತದೆ, ಯಾರೂ ಬೇಲಿ ಹಾಕಿಲ್ಲ. ಎರವಲು ಬೇಡ ಅನ್ನುವ ಅವರ ಪತ್ರದಲ್ಲೇ ಬಾಕಿ, ವಸೂಲಿ, ಜಪ್ತಿ, ಬ್ಯಾಂಕು ಎಲ್ಲ ಇವೆ. ಮೊದಲು ಅವನ್ನು ತೆಗೆದು ಮತ್ತೆ ಬರೆಯಲಿ, ಓದುತ್ತೇನೆ.

ಮೇಷ್ಟ್ರೇ, ಪ್ರೂಫ್ ನೀವೇ ನೋಡಿ. ಫ್ಲೆಕ್ಸ್‌ನವರ ಕೈಗೆ ಬಿಟ್ಟರೆ ‘ಹೊಣೆ’ ಹೋಗಿ ‘ಹೊನೆ’ ಆಗುತ್ತದೆ.