ಡಿಎಸ್‌ಎಫ್ ಫೈಲನ್ನು ಫ್ಲ್ಯಾಕ್ ಮಾಡಿದ ಮೇಲೆ ಪ್ಲೇಯರಿನಲ್ಲಿ ಓಡುತ್ತಿಲ್ಲ

ಶ್ರುತಿಪೆಟ್ಟಿಗೆ:
ತಲೆ ಕೆಟ್ಟುಹೋಗಿದೆ. ದುಡ್ಡು ಕೊಟ್ಟು ಇಳಿಸಿಕೊಂಡ ವೀಣೆ ರೆಕಾರ್ಡಿಂಗ್, ಎಲ್ಲಾ ಡಿಎಸ್‌ಎಫ್, ಅಂದರೆ ಡಿಎಸ್‌ಡಿ ಅನ್ನುವ ಬಗೆಯ ಆಡಿಯೋ ಫೈಲು. ಫ್ಲ್ಯಾಕ್ (ಗುಣ ಕಳೆಯದೆ ಗಾತ್ರ ಇಳಿಸುವ ಆಡಿಯೋ ಫೈಲು) ಮಾಡಿ ಜೇಬಿನ ಪ್ಲೇಯರಿಗೆ ಹಾಕಿದರೆ ಫೈಲ್ ಓಡುವುದಿಲ್ಲ ಅನ್ನುತ್ತೆ. ಬೇರೆ ಫ್ಲ್ಯಾಕ್ ಎಲ್ಲಾ ಓಡುತ್ತವೆ. ಲ್ಯಾಪ್‌ಟಾಪಿನಲ್ಲಿ ಇದೂ ಓಡುತ್ತೆ, ಆದರೆ ಸದ್ದು ತೀರಾ ಕಮ್ಮಿ. ಮೀಟಿ ಬಿಟ್ಟ ತಂತಿಯ ನಾದ ಕೊನೆವರೆಗೂ ಕೇಳಬೇಕು ಅಂತಲೇ ಇದನ್ನು ಕೊಂಡಿದ್ದು. ಏನು ಮಾಡಲಿ?

ಕರಾವಳಿ ಕಿವಿ:
ಮೆಮೊರಿ ಕಾರ್ಡ್ ಯಾವುದು ಮಾರಾಯ್ರೆ? ಅದರ ಫಾರ್ಮ್ಯಾಟ್ ಫ್ಯಾಟ್32 ಇದ್ದೀತು. ಫಾರ್ಮ್ಯಾಟ್ ಮಾಡಿ ಎಕ್ಸ್‌ಫ್ಯಾಟ್ ಹಾಕಿ ನೋಡಿ.

ಶ್ರುತಿಪೆಟ್ಟಿಗೆ:
ಮಾಡಿದೆ ಸಾರ್. ಅದೇ ಕಥೆ.

ಕರಾವಳಿ ಕಿವಿ:
ಹಾಗಾದರೆ ಕಾರ್ಡೇ ಡೂಪ್ಲಿಕೇಟ್. ಬೇರೆ ಕಾರ್ಡ್ ಹಾಕಿ. ನನಗೂ ಹೀಗೇ ಆಗಿತ್ತು.

ಬಯಲುಸೀಮೆ:
ಅದೇ ಕಾರ್ಡಿನಲ್ಲಿ ಬೇರೆ ಫ್ಲ್ಯಾಕ್ ಓಡುತ್ತಿವೆ ಅಂತ ಮೊದಲೇ ಹೇಳಿದ್ದಾರಲ್ಲ ಸಾರ್. ಫ್ಯಾಟ್32 ತಕರಾರು ಮಾಡುವುದು ಒಂದೇ ಫೈಲು 4 ಜಿಬಿ ಮುಟ್ಟಿದಾಗ. ಶ್ರುತಿಪೆಟ್ಟಿಗೆಯವರೇ, ಯಾವ ಸಾಫ್ಟ್‌ವೇರ್, ಯಾವ ಸೆಟ್ಟಿಂಗ್, ಫೈಲ್ ಎಷ್ಟು ದೊಡ್ಡದು? ಅದು ಗೊತ್ತಾಗದೆ ಏನು ಹೇಳೋದು?

ಶ್ರುತಿಪೆಟ್ಟಿಗೆ:
ಎಫ್‌ಎಫ್‌ಎಂಪೆಗ್. ಸೆಟ್ಟಿಂಗ್ ಏನೂ ಇಲ್ಲ, ಒಳಗೆ ಡಿಎಸ್‌ಎಫ್, ಹೊರಗೆ ಫ್ಲ್ಯಾಕ್, ಅಷ್ಟೇ. ಹತ್ತು ನಿಮಿಷದ ಆಲಾಪನೆ ಡಿಎಸ್‌ಎಫ್‌ನಲ್ಲಿ 420 ಎಂಬಿ ಇತ್ತು. ಫ್ಲ್ಯಾಕ್ ಆದ ಮೇಲೆ ಇನ್ನೂ ಜಾಸ್ತಿಯಾಗಿದೆ! ಫ್ಲ್ಯಾಕ್ ಅಂದರೆ ಚಿಕ್ಕದಾಗಬೇಕು ಅಲ್ವಾ?

ವಾಲ್ವ್ ಪ್ರಿಯ:
ಡಿಎಸ್‌ಡಿಯನ್ನು ಪಿಸಿಎಂ (ಫ್ಲ್ಯಾಕ್, ಸಿಡಿಗಳಲ್ಲಿರುವ ಮಾಮೂಲಿ ಡಿಜಿಟಲ್ ರೂಪ) ಮಾಡುವುದೇ ತಪ್ಪು. ಡಿಎಸ್‌ಡಿಯನ್ನು ಹಾಗೇ ನುಡಿಸುವ ಡ್ಯಾಕ್ (ಡಿಜಿಟಲ್ ಫೈಲನ್ನು ಸದ್ದಿನ ಸಿಗ್ನಲ್ ಮಾಡುವ ಸಾಧನ) ತಗೊಳ್ಳಿ. ನಾನು ಕೇಳುವುದು ಹಾಗೇ, ಮುಂದೆ ಇಎಲ್34 ವಾಲ್ವ್‌ಗಳ ಆಂಪ್, ಸ್ಪೀಕರ್ ಪೆಟ್ಟಿಗೆ ನಾನೇ ಹೊನ್ನೆ ಮರದಲ್ಲಿ ಮಾಡಿಸಿದ್ದು.

ಬಯಲುಸೀಮೆ:
ಅವರ ಪ್ಲೇಯರಿಗೆ ದಾರಿ ಹುಡುಕೋಣ ಸಾರ್. ವಿಷಯ ಇಷ್ಟೇ. ಡಿಎಸ್‌ಡಿ64 ಅಂದರೆ ಸೆಕೆಂಡಿಗೆ 28,22,400 ಸಲ ಒಂದೊಂದು ಬಿಟ್. ಎಫ್‌ಎಫ್‌ಎಂಪೆಗ್ ಅದನ್ನು ಎಂಟರಿಂದ ಭಾಗಿಸಿ 352.8 ಕಿಲೋಹರ್ಟ್ಸ್ ಪಿಸಿಎಂ ಮಾಡುತ್ತೆ. ನೀವು ಬೇರೆ ಏನೂ ಹೇಳದಿದ್ದರೆ ಫ್ಲ್ಯಾಕ್ ಕೂಡ ಅದೇ ದರದಲ್ಲಿ ಹೊರಬರುತ್ತೆ. ಎಷ್ಟೋ ಪ್ಲೇಯರ್‌ಗಳು 192ಕ್ಕೇ ನಿಂತುಬಿಡುತ್ತವೆ. ಲ್ಯಾಪ್‌ಟಾಪು ತಾನೇ ಒಳಗೆ ದರ ಇಳಿಸಿಕೊಳ್ಳುತ್ತೆ, ಅದಕ್ಕೇ ಅಲ್ಲಿ ಓಡಿತು.

ಗಾತ್ರ ಹೆಚ್ಚಿದ್ದಕ್ಕೂ ಕಾರಣ ಇದೆ. ಡಿಎಸ್‌ಡಿಯಲ್ಲಿ ಕಿವಿಗೆ ಕೇಳುವ ಪಟ್ಟಿಯ ಗದ್ದಲವನ್ನೆಲ್ಲಾ ಕಿವಿಗೆ ಕೇಳದ ಎತ್ತರದ ಕಂಪನಗಳಿಗೆ ತಳ್ಳಿರುತ್ತಾರೆ. ಗದ್ದಲವನ್ನು ಫ್ಲ್ಯಾಕ್ ಹಿಂಡಲು ಆಗುವುದಿಲ್ಲ.

ಕಮಾಂಡಿನಲ್ಲಿ ಸ್ಯಾಂಪಲ್ ದರ 88200 ಅಂತ ಕೊಡಿ. ಅದಕ್ಕೂ ಮುಂಚೆ ಆ ಮೇಲಿನ ಗದ್ದಲ ಕತ್ತರಿಸುವ ಲೋಪಾಸ್ ಫಿಲ್ಟರ್ 30000ಕ್ಕೆ ಇಡಿ. 24 ಬಿಟ್ ಹಾಗೇ ಇರಲಿ.

ಕರಾವಳಿ ಕಿವಿ:
96 ಯಾಕೆ ಬೇಡ? ಜಾಸ್ತಿ ಅಲ್ವಾ?

ಬಯಲುಸೀಮೆ:
28,22,400 ಅನ್ನು 32ರಿಂದ ಭಾಗಿಸಿದರೆ ಸರಿಯಾಗಿ 88,200. 96ಕ್ಕೆ ಲೆಕ್ಕ ಸಮ ಬರುವುದಿಲ್ಲ. ದರ ಬದಲಿಸುವ ಒಳ್ಳೆಯ ರೀಸ್ಯಾಂಪ್ಲರ್ ಅದನ್ನೂ ನಿಭಾಯಿಸುತ್ತೆ, ಆದರೆ ಲಾಭ ಏನು?

ನೇರಮಾತು:
88.2 ಕೂಡ ಯಾಕೆ? ನಮಗೆ ಕೇಳುವುದು 20 ಕಿಲೋಹರ್ಟ್ಸ್ ತನಕ. 44.1, 16 ಬಿಟ್ ಸಾಕು. ಉಳಿದದ್ದು ಸುಮ್ನೆ ಜಾಗ ದಂಡ.

ವಾಲ್ವ್ ಪ್ರಿಯ:
ನಮ್ಮ ಮನೆಗೆ ಬಂದು ಕೇಳಿ, ಆಮೇಲೆ ಹೇಳಿ.

ನೇರಮಾತು:
ಎರಡರ ಸದ್ದೂ ಸಮ ಮಾಡಿ, ಯಾವುದು ಓಡುತ್ತಿದೆ ಅಂತ ಹೇಳದೆ ಕೇಳಿಸಿ. ಆಗ ಖಂಡಿತ ಬರುತ್ತೇನೆ.

ಶ್ರುತಿಪೆಟ್ಟಿಗೆ:
ಬಯಲುಸೀಮೆಯವರೇ, ಓಡಿತು!! ಫೈಲೂ ಚಿಕ್ಕದಾಯಿತು. ತುಂಬಾ ಥ್ಯಾಂಕ್ಸ್. ಆದರೆ ಸದ್ದು ಇನ್ನೂ ಕಮ್ಮಿಯೇ ಇದೆ.

ಬಯಲುಸೀಮೆ:
ಡಿಎಸ್‌ಡಿ ಬಂದದ್ದು ಸೂಪರ್ ಆಡಿಯೋ ಸಿಡಿಗಾಗಿ, ಅದರ ಅಳತೆಯೇ ಹಾಗೆ. ಅಲ್ಲಿನ ಸೊನ್ನೆ ಡೆಸಿಬೆಲ್ ಅಂದರೆ ಪಿಸಿಎಂನಲ್ಲಿ ಸುಮಾರು 6 ಡೆಸಿಬೆಲ್ ಕೆಳಗೆ. ಹಾಗಂತ ಕಣ್ಣು ಮುಚ್ಚಿ 6 ಏರಿಸಬೇಡಿ. ಕೆಲವು ಟ್ರ್ಯಾಕಿನ ಶಿಖರ ಆ ಸೊನ್ನೆಯನ್ನೂ ದಾಟಿರುತ್ತೆ, ಮೀಟು ಒಡೆದು ಕೇಳುತ್ತೆ. ಮೊದಲು ಎಫ್‌ಎಫ್‌ಎಂಪೆಗ್‌ನಲ್ಲೇ ಇರುವ, ಸದ್ದು ಅಳೆಯುವ ವಾಲ್ಯೂಮ್‌ಡಿಟೆಕ್ಟ್ ಓಡಿಸಿ. ಮ್ಯಾಕ್ಸ್ ವಾಲ್ಯೂಮ್ ಮೈನಸ್ 4.5 ಬಂದರೆ 4 ಮಾತ್ರ ಏರಿಸಿ. ಆಲ್ಬಮ್ಮಿನ ಎಲ್ಲಾ ಟ್ರ್ಯಾಕಿಗೂ ಒಂದೇ ಅಂಕಿ ಇರಲಿ, ಇಲ್ಲದಿದ್ದರೆ ಆಲಾಪನೆ ಒಂದು ಎತ್ತರ, ಕೃತಿ ಒಂದು ಎತ್ತರ ಆಗುತ್ತೆ. ಮೂಲ ಡಿಎಸ್‌ಎಫ್ ಅಳಿಸಬೇಡಿ, ಫ್ಲ್ಯಾಕಿನಿಂದ ಅದು ಮತ್ತೆ ಸಿಗುವುದಿಲ್ಲ.

ಕರಾವಳಿ ಕಿವಿ:
ಆದರೂ ಒಂದು ಸಲ ಕಾರ್ಡ್ ಚೆಕ್ ಮಾಡಿಸಿ.

ಹೊಸಬ:
ನನ್ನ ಹತ್ತಿರ ಇರುವುದು ಡಿಎಫ್‌ಎಫ್ (ಡಿಎಸ್‌ಡಿಯ ಇನ್ನೊಂದು ಬಗೆ) ಫೈಲು. ಬದಲಾಯಿಸಿದರೆ ರಾಗ, ತಾಳ, ಕಲಾವಿದರ ಹೆಸರು ಒಂದೂ ಬರುತ್ತಿಲ್ಲ. ಕೈಯಲ್ಲೇ ತುಂಬಬೇಕಾ?

ವಾಲ್ವ್ ಪ್ರಿಯ:
ಹೊನ್ನೆ ಪೆಟ್ಟಿಗೆಯ ಫೋಟೋ ಕೇಳಿದವರಿಗೆ, ನಾಳೆ ಹಾಕುತ್ತೇನೆ.